ಎಲೆಯ ಬಲಕ್ಕೆ ಮೂರು ಅಗುಳು

ಅಹಮದಾಬಾದಿನ ಕಾಲೂಪುರ ಸ್ಟೇಷನ್ನಿನ ಎದುರಿಗೆ ಸೀತಾರಾಮ ಐತಾಳರ ಹೋಟೆಲು. ಅಲ್ಲಿ ಹನ್ನೊಂದು ವರ್ಷದಿಂದ ಅಡುಗೆ ಮಾಡುತ್ತಿದ್ದವರು ಶಂಕರನಾರಾಯಣ ಹೊಳ್ಳರು. ಕೋಟದ ಕಡೆಯವರು. ಎಳೆಯ ಪ್ರಾಯದಲ್ಲಿ ಗದ್ದೆ ಕೊಯ್ಯುವಾಗ ಪಕ್ಕದವನ ಕತ್ತಿ ತಾಗಿ ಬಲಗೈಯ ಕಿರುಬೆರಳು ಸೊಟ್ಟಗಾಗಿತ್ತು. ಉಳಿದ ಬೆರಳುಗಳು ಮಡಚಿದರೂ ಅದೊಂದು ಹೊರಗೇ ನಿಲ್ಲುತ್ತಿತ್ತು. ಮಾತು ಕಡಿಮೆ. ಮುಖದಲ್ಲಿ ನಗು ಇನ್ನೂ ಕಡಿಮೆ.

ಇಂಥ ಮನುಷ್ಯ ವಾರಕ್ಕೊಮ್ಮೆ ಇಡೀ ಗುಜರಾತನ್ನು ನಗಿಸುತ್ತಿದ್ದರು ಎಂದರೆ ಊರಿನಲ್ಲಿ ಯಾರೂ ನಂಬುತ್ತಿರಲಿಲ್ಲ.

ಗುಜರಾತು ಬೇರೆ ರಾಜ್ಯವಾದ ವರ್ಷ ಅದು ಶುರುವಾದದ್ದು. ರೇಡಿಯೋಕ್ಕೆ ನಾಟಕ ಬರೆಯುವ ಜಶುಭಾಯಿ ದಿನಾ ಹೋಟೆಲಿಗೆ ಬಂದು ಇಡ್ಲಿ ತಿನ್ನುತ್ತಿದ್ದ. ಒಂದು ದಿನ ಹೊಳ್ಳರು ಹಿಂಬಾಗಿಲಲ್ಲಿ ಹಾಲಿನವನನ್ನು ಗುಜರಾತಿಯಲ್ಲಿ ಬೈಯುವುದು ಅವನ ಕಿವಿಗೆ ಬಿತ್ತು. ವ್ಯಾಕರಣವೆಲ್ಲ ಕೋಟದ್ದು, ಶಬ್ದ ಮಾತ್ರ ಅಹಮದಾಬಾದಿನದು. ಮುಂದಿನ ತಿಂಗಳೇ 'ಪೋಳನೋ ಓಟಲೋ' ಎಂಬ ನಗೆನಾಟಕದಲ್ಲಿ ಹೊಳ್ಳರಿಗೊಂದು ಪಾತ್ರ ಹುಟ್ಟಿತು. ಪೋಳ ಎಂದರೆ ಹಳೇ ಪೇಟೆಯ ಓಣಿ, ಓಟಲೋ ಎಂದರೆ ಮನೆಯ ಮುಂದಿನ ಜಗಲಿ. ಆ ಓಣಿಯ ಮಹಡಿಯಲ್ಲಿ ಬಾಡಿಗೆಗಿರುವ ದಕ್ಷಿಣದ ಅಡುಗೆಯವನು ಅಣ್ಣಾಭಾಯಿ. ಜಗಲಿಯ ಮೇಲೆ ಕುಳಿತವರೆಲ್ಲ ವಾದಿಸಿ, ಜಗಳವಾಡಿ, ಗಂಟಲು ಹರಿದುಕೊಂಡ ಮೇಲೆ ಮಹಡಿಯಿಂದ ಅಣ್ಣಾಭಾಯಿ ಒಂದೇ ಒಂದು ಮಾತು ಹೇಳುತ್ತಿದ್ದ. ಅದರೊಂದಿಗೆ ಜಗಳ ತೀರುತ್ತಿತ್ತು. ಆಮೇಲೆ, "ಚಾಲೋ, ಸಾಂಭಾರ ಠಂಡೋ ಥಾಯ್ ಛೇ" ಎಂದು ಸಾಂಬಾರು ಆರುವುದನ್ನು ನೆನಪಿಸಿ ಎಲ್ಲರನ್ನೂ ಎಬ್ಬಿಸುತ್ತಿದ್ದ. ಅಲ್ಲಿಗೆ ಆ ವಾರದ ನಾಟಕ ಮುಗಿಯುತ್ತಿತ್ತು.

ಆರು ವರ್ಷ ಹೀಗೆ ನಡೆಯಿತು. ತರಕಾರಿಯವಳು ಹೊಳ್ಳರಿಗೆ ಒಳ್ಳೆಯ ಬೆಂಡೆಕಾಯಿ ಆರಿಸಿ ಕೊಡುತ್ತಿದ್ದಳು. ಮಗಳು ಊರ್ಮಿಳೆಯನ್ನು ಶಾಲೆಯಲ್ಲಿ ಟೀಚರು ಸಹ "ಅಣ್ಣಾಭಾಯಿನೀ ದೀಕರೀ" ಎಂದು ಕರೆಯುತ್ತಿದ್ದರು. ಅಣ್ಣಾಭಾಯಿಯ ಮಗಳು. ಹದಿಮೂರರ ಆ ಹುಡುಗಿಗೆ ಕನ್ನಡ ಅಮ್ಮನೊಡನೆ ಜಗಳವಾಡುವಷ್ಟು ಮಾತ್ರ ಬರುತ್ತಿತ್ತು. ಆದರೆ ಆ ಹೆಸರು ಕೇಳಿದಾಗ ಅವಳ ಕತ್ತು ಒಂದು ಬೆರಳು ಎತ್ತರವಾಗುತ್ತಿತ್ತು. ಹೊಳ್ಳರು ಅದನ್ನು ನೋಡಿದ್ದರು. ಒಲೆಯ ಮುಂದೆ ಬೆವರು ಒರೆಸಿಕೊಳ್ಳುವಾಗ ನೆನೆದೂ ಇದ್ದರು.

ಅರವತ್ತಾರರಲ್ಲಿ ಸೂರತ್ತಿನ ಒಬ್ಬ ಜರಿ ವ್ಯಾಪಾರಿ ಆ ನಾಟಕವನ್ನು ಸಿನಿಮಾ ಮಾಡುತ್ತೇನೆಂದು ಹೊರಟ. ಜಶುಭಾಯಿ ಹೋಟೆಲಿಗೆ ಬಂದವನು ಇಡ್ಲಿಗೂ ಕೈಹಾಕದೆ ಕುಳಿತ.

"ಹೊಳ್ಳಾಜೀ, ಸೇಠನಿಗೆ ನಿಮ್ಮ ದನಿ ಅಂದ್ರೆ ಪ್ರಾಣ. ಆದ್ರೆ ನಿಮ್ಮ ಮುಖ..."

"ಮುಖಕ್ಕೆ ಏನಾಗಿದೆ?"

"ಏನೂ ಆಗಿಲ್ಲ. ಅದೇ ತೊಂದರೆ. ಲೆಕ್ಕದ ಮಾಸ್ತರರ ಮುಖ. ನೋಡಿದವರಿಗೆ ಮಗ್ಗಿ ನೆನಪಾಗುತ್ತೆ, ನಗು ಬರೋದಿಲ್ಲ." ಜಶುಭಾಯಿ ಅವರ ಮೊಣಕೈ ಹಿಡಿದುಕೊಂಡ. "ಮುಂಬಯಿಯಿಂದ ಒಬ್ಬ ನಟ ಬರ್ತಾನೆ. ಆದ್ರೆ ಅವನಿಗೆ ನಿಮ್ಮವರ ರೀತಿ ನೀತಿ ಏನು ಗೊತ್ತು? ನೀವು ಕಲಿಸಬೇಕು. ಅಣ್ಣಾಭಾಯಿ ನಿಮ್ಮ ಕೂಸು. ಅವನನ್ನು ನೀವೇ ಕೈಹಿಡಿದು ನಡೆಸಬೇಕು."

ಹೊಳ್ಳರಿಗೆ ನೋವಾಯಿತು. ಆದರೆ ಕೂಸು ಎಂಬ ಮಾತು ಒಳಗೆ ಎಲ್ಲೋ ಹೋಗಿ ಕುಳಿತಿತು. ಆಗಿನ ಸಿನಿಮಾಗಳಲ್ಲಿ ಬರುವ ಮದ್ರಾಸಿಯನ್ನು ಅವರು ಕಂಡಿದ್ದರು: ಹಣೆಯ ತುಂಬ ಪಟ್ಟೆ, ಮಾತಿಗೊಮ್ಮೆ ಅಯ್ಯಯ್ಯೋ, ಮೊಣಕೈವರೆಗೆ ಸುರಿಯುವ ಸಾರು. ತಾನು ಹೋಗದಿದ್ದರೆ ಅಣ್ಣಾಭಾಯಿಗೂ ಅದೇ ವೇಷ ಹಾಕುತ್ತಾರೆ. ಊರ್ಮಿಳೆ ತಲೆ ತಗ್ಗಿಸಿ ಶಾಲೆಗೆ ಹೋಗಬೇಕಾಗುತ್ತದೆ. ಹಾಗಾಗಕೂಡದು. ಐತಾಳರಲ್ಲಿ ಹದಿನೈದು ದಿನ ರಜೆ ಕೇಳಿ ವಡೋದರೆಯ ರೈಲು ಹತ್ತಿದರು.

ಗೋರ್ವಾ ಕಡೆಗೆ ಹೋಗುವ ದಾರಿಯಲ್ಲಿ, ಕಾರ್ಖಾನೆಯ ಹೊಗೆಗೊಳವೆ ಕಾಣುವಂಥ ಒಂದು ಹಳೇ ಬಂಗಲೆಯಲ್ಲಿ ಶೂಟಿಂಗು. ನಟ ಮೂವತ್ತರ ಆಸುಪಾಸಿನವನು, ವಿನಯವಂತ. ಮೊದಲ ದಿನವೇ ಹೊಳ್ಳರ ಕಾಲು ಮುಟ್ಟಿದ. ಹೊಳ್ಳರು ಗದ್ದೆಯ ಕಳೆ ಕೀಳುವ ಹಾಗೆ ಒಂದೊಂದನ್ನೇ ಕಿತ್ತರು. ಪಟ್ಟೆ ಬೇಡ, ಒಂದು ಬೊಟ್ಟು ಗಂಧ ಸಾಕು. ಪಂಚೆ ಹಾಗಲ್ಲ, ಹೀಗೆ. ಬಾಳೆ ಎಲೆಯ ಕುಡಿ ಎಡಕ್ಕೆ ಬರಬೇಕು. ಅಯ್ಯಯ್ಯೋ ಎನ್ನಬಾರದು, ನಾವು ಹಾಗೆ ಅನ್ನುವುದಿಲ್ಲ. ಡೈರೆಕ್ಟರು ಎಲ್ಲಕ್ಕೂ ಒಪ್ಪಿದ. ಎಲ್ಲಿಯೂ ಒಂದು ಎದುರುಮಾತಿಲ್ಲ.

ಒಂದು ಮಧ್ಯಾಹ್ನ ಇಬ್ಬರೂ ಊಟಕ್ಕೆ ಕುಳಿತಾಗ ಹೊಳ್ಳರು ಎಂದಿನಂತೆ ಅಂಗೈಗೆ ನೀರು ಬಿಟ್ಟುಕೊಂಡು ಎಲೆಯ ಸುತ್ತ ಸುತ್ತಿದರು. ಆಮೇಲೆ ಎಲೆಯ ಬಲಕ್ಕೆ, ನೆಲದ ಮೇಲೆ, ಮೂರು ಕಡೆ ಒಂದೊಂದು ಅಗುಳು ಅನ್ನ ಇಟ್ಟರು. ನಟ ಕೈ ನಿಲ್ಲಿಸಿ ನೋಡಿದ.

"ಇದು ರೇಡಿಯೋದಲ್ಲಿ ಇರಲಿಲ್ಲವಲ್ಲ, ಗುರೂಜಿ?"

"ರೇಡಿಯೋಕ್ಕೆ ಕಣ್ಣಿಲ್ಲವಲ್ಲಪ್ಪ."

"ಇದು ಯಾರಿಗೆ?"

ಹೊಳ್ಳರು ಯಾರಿಗೂ ಹೇಳದ್ದನ್ನು ಅವನಿಗೆ ಹೇಳಿದರು. ಯುದ್ಧದ ಕಾಲದಲ್ಲಿ ಅಕ್ಕಿಗೆ ಕಂಟ್ರೋಲು ಬಂದಾಗ ಮನೆಯಲ್ಲಿ ಏಳು ಜನ, ಒಂದು ಪಾತ್ರೆ ಗಂಜಿ. ಅಪ್ಪನ ಪಾಲಿಗೆ ಬರುತ್ತಿದ್ದುದು ತಿಳಿ. ಆ ತಿಳಿಯಲ್ಲಿ ಬೆರಳಾಡಿಸಿ, ಹುಡುಕಿ, ಮೂರು ಅಗುಳು ಹೆಕ್ಕಿ ಅವರು ಬಲಕ್ಕೆ ಇಡುತ್ತಿದ್ದರು. ಹಸಿದ ಮಕ್ಕಳು ಅದನ್ನೇ ನೋಡುತ್ತಿದ್ದರು. ಒಮ್ಮೆ ಹೊಳ್ಳರು, ನಮಗೇ ಇಲ್ಲದಾಗ ಅದ್ಯಾಕೆ ಎಂದು ಕೇಳಿದ್ದರು. "ಇಲ್ಲದಾಗಲೇ ಇಡೋದು ಮಗಾ" ಎಂದಿದ್ದರು ಅಪ್ಪ. ಅಷ್ಟೇ.

ನಟನ ಕಣ್ಣು ಒದ್ದೆಯಾಯಿತು. ಅಂದು ಸಂಜೆಯವರೆಗೂ ಅವನು ಅದನ್ನೇ ಅಭ್ಯಾಸ ಮಾಡಿದ. ನೀರು ಬಿಡುವುದು, ಕೈ ಸುತ್ತುವುದು, ಅಗುಳು ಇಡುವಾಗಿನ ನಿಧಾನ. ಕಿರುಬೆರಳನ್ನು ಸಹ ಹೊರಗೆ ಚಾಚಿದ. "ಅದು ಬೇಡ, ಅದು ನನ್ನ ಕೈಯ ಊನ" ಎಂದರು ಹೊಳ್ಳರು. ಎಂದರೂ ಮನಸ್ಸಿನೊಳಗೆ ಖುಷಿಯೇ ಆಯಿತು.

ಮನೆಗೆ ಬಂದವರು ಹೆಂಡತಿ ರುಕ್ಮಿಣಿಯ ಎದುರು ಹೆಮ್ಮೆಪಟ್ಟರು. "ಒಂದ್ ತಪ್ಪೂ ಬಿಡ್ಲಿಲ್ಲ ಕಾಣ್. ಊಟಕ್ ಕೂತದ್ ಕಂಡ್ರೆ ನಮ್ ಅಪ್ಪಯ್ಯನೇ ಕೂತ ಹಾಂಗಿತ್ತ್."

"ನಗ್ಸುಕೆ ಮಾಡೂ ಸಿನೆಮಾ ಅಲ್ದಾ?" ಎಂದಳು ರುಕ್ಮಿಣಿ. "ಅದ್ರೊಳ್ಗೆ ಮಾವಯ್ಯ ಎಂತಕ್ಕೆ ಕೂಕಂಬುದ್?"

ಹೊಳ್ಳರು ಅಂಗಿ ಕಳಚಿ ಗೂಟಕ್ಕೆ ಹಾಕಿದರು. ಹೆಂಗಸರಿಗೆ ಇದೆಲ್ಲ ಅರ್ಥವಾಗದು ಎಂದುಕೊಂಡರು.

ಸಿನಿಮಾ ಮೊದಲು ಬಂದದ್ದು ಸೂರತ್ತಿನಲ್ಲಿ. ಅಹಮದಾಬಾದಿಗೆ ಬರಲು ಇನ್ನೂ ಒಂದು ವಾರವಿತ್ತು. ಊರ್ಮಿಳೆಗೆ ತಡೆಯಲಿಲ್ಲ, ನಿಜ ಹೇಳಬೇಕೆಂದರೆ ಹೊಳ್ಳರಿಗೂ ತಡೆಯಲಿಲ್ಲ. ಅಪ್ಪ ಮಗಳು ಬೆಳಗಿನ ರೈಲಿಗೆ ಹೋಗಿ ಮಧ್ಯಾಹ್ನದ ಆಟಕ್ಕೆ ಕುಳಿತರು.

ಅರ್ಧ ಗಂಟೆಯ ನಾಟಕವನ್ನು ಎರಡೂವರೆ ಗಂಟೆಗೆ ಹಿಗ್ಗಿಸಲು ಏನೇನೋ ಸೇರಿಸಿದ್ದರು. ಅಣ್ಣಾಭಾಯಿಗೆ ಹೋಟೆಲಿನ ಕೆಲಸ ಹೋಗಿತ್ತು. ಅವನು ಓಣಿಯವರ ಮನೆಮನೆಯಲ್ಲಿ ತಿರುಗಿ ಉಣ್ಣುವವನಾಗಿದ್ದ. ಆದರೂ ಗಂಧ ಸರಿಯಾಗಿತ್ತು. ಪಂಚೆ ಸರಿಯಾಗಿತ್ತು. ಹೊಳ್ಳರು ಕತ್ತಲಲ್ಲಿ ತಲೆಯಾಡಿಸುತ್ತ ಕುಳಿತಿದ್ದರು.

ಇಂಟರ್‌ವಲ್ ಆದ ಮೇಲೆ ಆ ದೃಶ್ಯ ಬಂತು. ಎರಡು ದಿನ ಹಸಿದ ಅಣ್ಣಾಭಾಯಿಗೆ ಯಾರೋ ಜಗಲಿಯ ಮೇಲೆ ಎಲೆ ಹಾಕಿ ಒಂದು ಹಿಡಿ ಅನ್ನ ಬಡಿಸುತ್ತಾರೆ. ಎಲೆಯ ಕುಡಿ ಎಡಕ್ಕೇ ಇತ್ತು. ಅವನು ನೀರು ಸುತ್ತಿದ, ಮೂರು ಅಗುಳು ಬಲಕ್ಕಿಟ್ಟ, ಕಣ್ಣು ಮುಚ್ಚಿದ. ಪಕ್ಕದಿಂದ ಒಂದು ಮೇಕೆ ಕತ್ತು ಚಾಚಿ ಮೂರನ್ನೂ ನೆಕ್ಕಿತು. ಕಣ್ಣು ತೆರೆದ, ಅಗುಳಿಲ್ಲ. ಮತ್ತೆ ಮೂರು ಇಟ್ಟ. ಮತ್ತೆ ಮೇಕೆ. ಮತ್ತೆ ಮೂರು. ಅದೇ ನಿಧಾನ, ಅದೇ ಶ್ರದ್ಧೆ, ಅದೇ ಹೊರಗೆ ನಿಂತ ಕಿರುಬೆರಳು. ಎಷ್ಟು ಸರಿಯಾಗಿತ್ತೋ ಟಾಕೀಸು ಅಷ್ಟು ನಗುತ್ತಿತ್ತು. ಕೊನೆಗೆ ಎಲೆಯಲ್ಲಿ ಒಂದು ಅಗುಳೂ ಉಳಿಯಲಿಲ್ಲ. ಮೇಕೆ ಎಲೆಯನ್ನೇ ಎಳೆದುಕೊಂಡಿತು. ಅಣ್ಣಾಭಾಯಿ ಮೇಕೆಗೆ ಕೈಮುಗಿದು, "ಚಾಲೋ, ಸಾಂಭಾರ ಠಂಡೋ ಥಾಯ್ ಛೇ" ಎಂದ.

ಜನ ಕುರ್ಚಿಯಿಂದ ಎದ್ದು ನಕ್ಕರು. ಪಕ್ಕದ ಸೂರತ್ತಿಯೊಬ್ಬ ತನ್ನ ತೊಡೆಯೆಂದುಕೊಂಡು ಹೊಳ್ಳರ ತೊಡೆ ಬಡಿದ. ಊರ್ಮಿಳೆ ಅಪ್ಪನ ತೋಳಿಗೆ ಜೋತುಬಿದ್ದು, ನಗುವಿನ ನಡುವೆ ಉಸಿರಿಗೆ ಪರದಾಡುತ್ತ, "ಅಪ್ಪಯ್ಯಾ, ನಿಮ್ ಬೆರಳ್! ಜುಓ, ಜುಓ, ಕಾಣಿ, ನಿಮ್ದೇ ಬೆರಳ್!" ಎಂದಳು.

"ಹೌದು" ಎಂದರು ಹೊಳ್ಳರು. ಅವರ ತುಟಿಯೂ ಅಗಲವಾಗಿತ್ತು. ಅದು ಯಾವಾಗ ಹಾಗಾಯಿತೆಂದು ಅವರಿಗೇ ತಿಳಿಯಲಿಲ್ಲ.

ಸಿನಿಮಾ ಅಹಮದಾಬಾದಿಗೆ ಬಂದ ಮೇಲೆ ಹೋಟೆಲಿನ ಗಿರಾಕಿಗಳು ತಟ್ಟೆಯ ಪಕ್ಕ ಮೂರು ಅಗುಳು ಇಟ್ಟು ಹೊಳ್ಳರನ್ನು ಕರೆಸತೊಡಗಿದರು. "ಅಣ್ಣಾಭಾಯಿ, ಬಕರಿ ಎಲ್ಲಿ?" ಟೇಬಲು ಒರೆಸುವವರಿಗೆ ಕೆಲಸ ಹೆಚ್ಚಿತು. ಐತಾಳರು ಮಾತ್ರ ಮೇಜಿನ ಹಿಂದೆ ಕುಳಿತು, "ಹೋಟ್ಲಿಗ್ ಜನ ಬತ್ರ್, ಬಿಡಿ ಹೊಳ್ರೇ" ಎಂದರು.

ಜಶುಭಾಯಿ ಬಂದಾಗ ಹೊಳ್ಳರು ಸೌಟು ಹಿಡಿದುಕೊಂಡೇ ಹೊರಗೆ ಬಂದರು.

"ನೀನು ಬರೆದದ್ದಾ ಆ ಮೇಕೆ?"

"ಡೈರೆಕ್ಟರದ್ದು. ಆದ್ರೆ ಹೊಳ್ಳಾಜಿ, ನೀವೇ ಹೇಳಿ. ಅದರಲ್ಲಿ ಎಲ್ಲಾದ್ರೂ ತಪ್ಪಿತ್ತಾ? ಪಂಚೆ, ಎಲೆ, ನೀರು?"

ಹೊಳ್ಳರು ಒಂದೊಂದನ್ನೇ ನೆನೆದು ನೋಡಿದರು. ಒಂದು ತಪ್ಪು ಸಿಕ್ಕಿದ್ದರೂ ಅದನ್ನು ಹಿಡಿದು ಜಗಳವಾಡಬಹುದಿತ್ತು.

"ಇಲ್ಲ" ಎಂದರು. "ಎಲ್ಲ ಸರಿಯಾಗಿತ್ತು."

"ಮತ್ತೆ! ಕಾಗದಗಳು ಬರ್ತಾ ಇವೆ. ರೇಡಿಯೋದಲ್ಲೂ ಮೇಕೆ ಬೇಕಂತೆ. ಬುಧವಾರ ಸೇರಿಸೋಣ. ಮೇಕೆಯ ದನಿಗೆ ಒಬ್ಬ ಸಿಕ್ಕಿದ್ದಾನೆ."

"ನೋಡೋಣ" ಎಂದು ಹೊಳ್ಳರು ಒಳಗೆ ಹೋದರು.

ಶನಿವಾರ ಬೆಳಗಿನ ಶಾಲೆ. ಹೊಳ್ಳರು ಮಧ್ಯಾಹ್ನದ ಗದ್ದಲ ಮುಗಿಸಿ ಎರಡು ಗಂಟೆಗೆ ಊಟಕ್ಕೆ ಮನೆಗೆ ಬಂದರೆ, ಹೊಸ್ತಿಲ ಹೊರಗೆ ನಾಲ್ಕು ಜೊತೆ ಪುಟ್ಟ ಚಪ್ಪಲಿಗಳಿದ್ದವು. ಒಳಗೆ ಊರ್ಮಿಳೆಯ ಗೆಳತಿಯರು ಗೋಡೆಗೆ ಒರಗಿ ಸಾಲಾಗಿ ಕುಳಿತಿದ್ದರು, ಆಟ ಶುರುವಾಗುವುದನ್ನು ಕಾಯುವವರಂತೆ.

ಊರ್ಮಿಳೆ ಓಡಿಬಂದು ಅಪ್ಪನ ಕೈ ಹಿಡಿದಳು. "ಅಪ್ಪಯ್ಯಾ, ಇವ್ರೆಲ್ಲ ಸುಳ್ಳು ಅಂತಾರೆ. ನೀವು ಮನೇಲಿ ದಿನಾ ಹಂಗೇ ಮಾಡ್ತ್ರಿ ಅಂದ್ರೆ ನಂಬೂದಿಲ್ಲ. ನಾನು ಶರತ್ ಕಟ್ಟಿದ್ದೆ. ತೋರ್ಸಿ, ಹಾಂ?"

ಹೊಳ್ಳರು ಕೈಕಾಲು ತೊಳೆದು, ಅಂಗಿ ಕಳಚಿ ಬಂದು ಕುಳಿತರು. ರುಕ್ಮಿಣಿ ಮುತ್ತುಗದ ಎಲೆ ಹಾಕಿ ಅನ್ನ ಬಡಿಸಿದಳು. ಬಗ್ಗಿದವಳು ತಗ್ಗಿದ ದನಿಯಲ್ಲಿ, "ಹ್ವಾಯ್, ಮಕ್ಳನ್ ಹೊರಗ್ ಕಳ್ಸುದಾ?" ಎಂದು ಕೇಳಿದಳು.

ಅವರು ಮಗಳ ಮುಖ ನೋಡಿದರು. ಕತ್ತು ಒಂದು ಬೆರಳು ಎತ್ತರವಾಗಿತ್ತು. ಇನ್ನೊಂದು ಗಳಿಗೆಯಲ್ಲಿ ಅದು ತಗ್ಗಬೇಕು, ಇಲ್ಲವೇ ಹಾಗೇ ನಿಲ್ಲಬೇಕು. ಎರಡೂ ತನ್ನ ಕೈಯಲ್ಲೇ ಇತ್ತು.

"ಬ್ಯಾಡ" ಎಂದರು.

ಅಂಗೈಗೆ ನೀರು ಬಿಟ್ಟುಕೊಂಡರು. ಎಲೆಯ ಸುತ್ತ ಸುತ್ತಿದರು. ಬಾಯಲ್ಲಿ ಬರಬೇಕಾದ ಮಂತ್ರ ಬರಲಿಲ್ಲ. ಒಂದು ಅಗುಳು ಇಟ್ಟರು. ಹುಡುಗಿಯರಲ್ಲಿ ಒಬ್ಬಳು ಕಿಸಕ್ಕೆಂದಳು. ಎರಡು. ಮೂರು. ಆಮೇಲೆ ಹೊಳ್ಳರು ಕಣ್ಣು ಮುಚ್ಚಿದರು, ತೆರೆದರು; ಕತ್ತನ್ನು ನಿಧಾನ ಬಲಕ್ಕೆ ತಿರುಗಿಸಿ ಮೇಕೆ ಬಂತೇನೋ ಎಂದು ನೋಡಿದರು. ಮುಂಬಯಿಯ ನಟ ನೋಡಿದ ಹಾಗೆಯೇ.

ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. "ಸಾಚೇ ಜ! ಸಾಚೇ ಜ!" ನಿಜವೇ, ನಿಜವೇ. ಊರ್ಮಿಳೆ ಚಪ್ಪಾಳೆ ತಟ್ಟಿದಳು. ಅವಳ ಮುಖ ಹೊಳೆಯುತ್ತಿತ್ತು. ಅಡುಗೆಮನೆಯಲ್ಲಿ ರುಕ್ಮಿಣಿ ಸೌಟನ್ನು ಪಾತ್ರೆಯೊಳಗೆ ಎಸೆದ ಸದ್ದು ಕೇಳಿತು.

ಬುಧವಾರ ರೇಡಿಯೋದಲ್ಲಿ ಮೇಕೆ ಬಂತು.

ಗುರುವಾರ ಮಧ್ಯಾಹ್ನ ಹೊಳ್ಳರು ಊಟಕ್ಕೆ ಕುಳಿತು ನೀರಿನ ಲೋಟಕ್ಕೆ ಕೈ ಚಾಚಿದರು. ಅಂದು ಶಾಲೆಗೆ ಯಾವುದೋ ರಜೆ. ಎದುರಿಗೆ ಪುಸ್ತಕ ಬಿಡಿಸಿಕೊಂಡಿದ್ದ ಊರ್ಮಿಳೆ ತಲೆ ಎತ್ತಿದಳು. ಅವಳ ತುಟಿಯ ಕೊನೆಯಲ್ಲಿ ನಗು ಆಗಲೇ ಬಂದು ಕಾಯುತ್ತಿತ್ತು. ಹೊಳ್ಳರು ಲೋಟ ಎತ್ತಿ ನೀರನ್ನು ಕುಡಿದುಬಿಟ್ಟರು. ಅನ್ನಕ್ಕೆ ಸಾರು ಕಲಸಿದರು.

"ಇವತ್ತ್ ಇಲ್ಯಾ, ಅಪ್ಪಯ್ಯಾ?"

"ಮರ್ತ್ ಹೋಯ್ತ್."

ಊರ್ಮಿಳೆ ಪುಸ್ತಕಕ್ಕೆ ಮರಳಿದಳು. ಶನಿವಾರ ಬೆಳಗಿನ ಶಾಲೆ ಮುಗಿಸಿ ಬಂದು ಅಪ್ಪನ ಎದುರು ಕುಳಿತವಳು ಕೇಳಲೂ ಇಲ್ಲ. ಅಂದು ಊಟ ಮುಗಿದ ಮೇಲೆ ರುಕ್ಮಿಣಿ ಎಲೆ ತೆಗೆದು ನೆಲ ಒರೆಸಿದಳು. ಹದಿನೇಳು ವರ್ಷದಿಂದ ಎಲೆಯ ಬಲಕ್ಕೆ ಅಂಟಿದ ಅಗುಳನ್ನು ಉಗುರಿನಿಂದ ಎಬ್ಬಿಸಿ ಒರೆಸುತ್ತಿದ್ದವಳು. ಅವಳ ಉಗುರು ಅಭ್ಯಾಸದಿಂದ ಅಲ್ಲಿಗೆ ಹೋಗಿ ಬರಿಯ ನೆಲವನ್ನು ಕೆರೆಯಿತು. ಅಂಗಿ ತೊಡುತ್ತಿದ್ದ ಹೊಳ್ಳರಿಗೆ ಆ ಸದ್ದು ಕೇಳಿತು. ಅವರು ಗುಂಡಿ ಹಾಕಿಕೊಳ್ಳುತ್ತಲೇ ಹೋಟೆಲಿಗೆ ಹೊರಟರು.