ಒಣ ಇಟ್ಟಂಗಿ

“ಸೂಳಿಮಗನ, ಇದೇನ್ ಇಟ್ಟಂಗಿ ಕೂಡ್ರಿಸೀಯೋ, ಕುರಿ ಹಿಕ್ಕಿ ಚೆಲ್ಲೀಯೋ?”

ಅಕ್ಕಿ ಮಿಲ್ಲಿನ ಸಾವ್ಕಾರ ಶರಣಕುಮಾರ ಕಾಲ್ಬೆರಳಿನಿಂದ ಸುಮ್ಮನೆ ತಾಗಿಸಿದ. ಪತ್ರಿ ಗಿಡದ ಸುತ್ತ ನಿಂತಿದ್ದ ಇಟ್ಟಿಗೆಗಳು ಒಂದರ ಹಿಂದೊಂದು ಉರುಳಿದವು.

ಗೌಂಡಿ ದುರುಗಪ್ಪ ಕರಣಿ ಕೆಳಗಿಟ್ಟ. “ಅದು ನಾ ಕಟ್ಟಿದ್ದಲ್ರಿ ಸಾವ್ಕಾರ್ರ. ನೀವ ಕರಿಸಿದ ಕಳಕಪ್ಪಂದು.”

ಕಾರಟಗಿಯಲ್ಲಿ ಸಾವ್ಕಾರ ಕಟ್ಟಿಸಿದ ಆ ಹೊಸ ಬಂಗಲೆಯ ಹುಲ್ಲುಹಾಸಿಗೆ ನಾಲ್ಕೂ ಕಡೆ ಅಂಚು ಕಟ್ಟಿದವನು ದುರುಗಪ್ಪ. ದಾರ ಎಳೆದು, ಗರಸು ಬಡಿದು, ಇಟ್ಟಿಗೆಗಳನ್ನು ಗರಗಸದ ಹಲ್ಲಿನಂತೆ ಓರೆಯಾಗಿ ನಿಲ್ಲಿಸಿದ್ದ. ಸುತ್ತ ಹತ್ತೂರಲ್ಲಿ ಅವನ ಸಾಲೆಂದರೆ ಸಾಲು. ಅವನ ಬಳಿ ಇದ್ದದ್ದು ಆ ಹೆಸರೊಂದೇ. ಪತ್ರಿ ಗಿಡದ ಪಾತಿ ಉಳಿದಾಗ ಸಾವ್ಕಾರ ಅಡ್ಡ ಬಂದಿದ್ದ: “ಪೂಜಿ ಗಿಡ ಅದು. ನಿಮ್ಮ ಕೇರಿ ಕೈ ಹತ್ತಬಾರ್ದು.” ತನ್ನ ಜಾತಿಯವನೇ ಆದ ಕಳಕಪ್ಪನನ್ನು ಕರೆಸಿದ್ದ.

ಇಟ್ಟಿಗೆಯನ್ನು ನೆನೆಸಿಯೇ ಕೂಡಿಸಬೇಕು. ಒಣಗಿದ್ದು ಸಿಮೆಂಟಿನ ನೀರನ್ನೆಲ್ಲ ಹೀರಿ ಹಿಡಿತ ಬಿಡುತ್ತದೆ. ನೆನೆದ ಇಟ್ಟಿಗೆ ಪೀಪಾಯಿ ತುಂಬ ಇದ್ದವು. ಆದರೆ ಆ ನೀರಿಗೆ ಕೈ ಹಾಕಿದವಳು ದುರುಗಪ್ಪನ ಹೆಂಡತಿ ಮುದಕಮ್ಮ. ಕಳಕಪ್ಪ ಮೂಗು ಮುರಿದು, ರಾಶಿಯಲ್ಲಿದ್ದ ಒಣ ಇಟ್ಟಿಗೆಯನ್ನೇ ಜೋಡಿಸಿ ಹೋಗಿದ್ದ.

“ಆ ಒಣಾವ್ನೂ ಲಾರಿಯಿಂದ ಇಳಿಸಿದಾಕಿ ನಾನ ರೀ,” ಎಂದಳು ಮುದಕಮ್ಮ. “ಒಣಗಿದ್ರ ಮೈಲಿಗಿ ಹತ್ತಂಗಿಲ್ಲೇನ್ರಿ?”

“ಬಾಯಿ ಮುಚ್ಚಲೇ ರಂಡಿ!” ಸಾವ್ಕಾರ ದುರುಗಪ್ಪನತ್ತ ತಿರುಗಿದ. “ನಾಳಿ ಸ್ವಾಮಿಗೋಳು ಬರೋರದಾರ. ನಮ್ಮ ಜಾತಿಯಾಂವನ ಕೆಡಿಸ್ಯಾನ ಅಂದ್ರ ನನ್ನ ಮಾನ ಹೋಗ್ತೈತಿ. ಯಾರ ಕೇಳಿದ್ರೂ ಇದು ನನ್ನ ಕೆಲಸ, ತಪ್ಪಾತ್ರಿ ಅನ್ನು. ಮತ್ತ ನೀನ ಕಟ್ಟು. ಆಮ್ಯಾಲ ಗೋಮೂತ್ರ ಹಾಕಿ ತೊಳಸ್ತೀನಿ.”

ದುರುಗಪ್ಪ ಹಾರೆ ಎತ್ತಿಕೊಂಡ. ಪತ್ರಿ ಗಿಡದ ಕಡೆ ಹೋಗಲಿಲ್ಲ. ಹುಲ್ಲುಹಾಸಿನ ಮೂಲೆಗೆ ನಡೆದು, ತಾನೇ ಕಟ್ಟಿದ ಸಾಲಿನ ಬುಡಕ್ಕೆ ಹಾಕಿದ.

“ಏ! ಏನ್ ಮಾಡಾಕತ್ತೀಯಲೇ?”

“ಇವಕ್ಕೂ ನನ್ನ ಕೈ ಹತ್ತೈತಲ್ರಿ. ಎಷ್ಟಂತ ತೊಳಸ್ತೀರಿ? ಕಿತ್ತು ಒಯ್ತೀನಿ.”

ಮುದಕಮ್ಮ ಬುಟ್ಟಿ ತಂದಿಟ್ಟಳು. ಸಾವ್ಕಾರ ಗೇಟಿನವನನ್ನು ಕೂಗತೊಡಗಿದ. ದುರುಗಪ್ಪ ಮೈಭಾರವೆಲ್ಲ ಹಾಕಿ ಮೀಟಿದ. ನೆನೆಸಿ ಕೂಡಿಸಿದ ಇಟ್ಟಿಗೆ ನಡುವೆ ಸೀಳಿತು. ಸಂದಿನ ಸಿಮೆಂಟು ಬಿಡಲಿಲ್ಲ. ಇನ್ನೊಂದಕ್ಕೆ ಹಾಕಿದ. ಅದೂ ಮುರಿಯಿತು, ಬಿಡಲಿಲ್ಲ.

“ನೋಡ್ರಿ ಸಾವ್ಕಾರ್ರ,” ಏದುಸಿರು ಬಿಡುತ್ತಾ ಅವನು ಹಾರೆಯನ್ನು ಮತ್ತೆ ಎತ್ತಿದ. “ಛಲೋತ್ನಂಗ ನೋಡ್ರಿ.”