ಯಾವ ಆಡಿನ ಹಾಲು

ಮೂರು ತಿಂಗಳ ಮಗು ಗಂಟಲು ಕಿತ್ತುಹೋಗುವಂತೆ ಅಳುತ್ತಿತ್ತು. ಅದನ್ನು ಹೆತ್ತವಳು ಬಚ್ಚಲಿನ ಚಿಲಕ ಹಾಕಿಕೊಂಡು, ಎದೆಯಲ್ಲಿ ಕಟ್ಟಿಕೊಂಡ ಹಾಲನ್ನು ಹಿಂಡಿ ಹಿಂಡಿ ಮೋರಿಗೆ ಬಿಡುತ್ತಿದ್ದಳು. ಇದಕ್ಕಿಂತ ಹುಚ್ಚು ಕೆಲಸ ಇನ್ನೊಂದಿರಲಾರದು, ಅದು ಅವಳಿಗೂ ಗೊತ್ತಿತ್ತು.

"ಬಾಗಿಲು ತೆಗಿಯೇ!" ಹೊರಗಿನಿಂದ ಅವಳ ಅಮ್ಮ ಬಡಿಯುತ್ತಿದ್ದಳು. "ಎದೆ ತುಂಬ ಹಾಲಿಟ್ಕೊಂಡು ಮಗೂನ ಉಪವಾಸ ಕೆಡವ್ತಿದೀಯಲ್ಲ, ನಿಂಗೇನು ಬಂದಿದೆ?"

"ಬಾಟ್ಲಿ ಕೊಡಮ್ಮ."

"ಬಾಟ್ಲಿ ಮುಟ್ಟಿದ್ರೆ ತಾನೇ? ರಬ್ಬರು ನಾಲಿಗೆಗೆ ತಾಗಿದ ಕೂಡ್ಲೇ ಉಗುಳ್ತಾಳೆ. ನಿನ್ನ ಮಗಳಲ್ವಾ, ಹಟಕ್ಕೇನು ಕಮ್ಮಿ!"

ಒಳಗಿನಿಂದ ನೀರಿನ ಸದ್ದು ಮಾತ್ರ ಬಂತು.

ಮನೆಯವರು ಅವಳನ್ನು ತಮಾಷೆಗೆ 'ಆಡಿನ ಡಾಕ್ಟ್ರು' ಎನ್ನುತ್ತಿದ್ದರು. ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ ಮಾಡುವ ಗಂಡನಂತೂ ಸಿಗ್ನಲ್ ಸಿಕ್ಕಾಗಲೆಲ್ಲ ಫೋನು ಮಾಡಿ, ಮೊದಲು ಆಡುಗಳ ಕ್ಷೇಮ ವಿಚಾರಿಸಿಯೇ ಹೆಂಡತಿಯನ್ನು ಮಾತಾಡಿಸುತ್ತಿದ್ದ. ಊರಾಚೆ ಕಸ ಸುರಿಯುವ ದಿಬ್ಬದಲ್ಲಿ ಮೇಯುವ ಆಡುಗಳ ಮೈಗೆ ಸೇರಿದ ವಿಷ ಏನಾಗುತ್ತದೆ ಎಂಬುದು ಅವಳ ಪಿಎಚ್‌ಡಿ ವಿಷಯ. ಪ್ರಾಣಿಯ ಯಕೃತ್ತು ಎಷ್ಟೋ ವಿಷಗಳನ್ನು ಒಡೆದು ಮೂತ್ರದಲ್ಲಿ ಹೊರಹಾಕುತ್ತದೆ. ಆದರೆ ನೀರು ಅಂಟದ ಬಟ್ಟೆಗೆ, ಎಣ್ಣೆ ಹಿಡಿಯದ ಬಾಣಲೆಗೆ ಬಳಿಯುವ ಒಂದು ಜಾತಿಯ ರಾಸಾಯನಿಕದ ಮುಂದೆ ಅದರ ಆಟ ನಡೆಯುವುದಿಲ್ಲ. ವರ್ಷಗಟ್ಟಲೆ ಅದು ರಕ್ತದಲ್ಲೇ ಸುತ್ತುತ್ತಿರುತ್ತದೆ. ತಾಯಿಯಾದವಳಿಗೆ ಮಾತ್ರ ಅದನ್ನು ಕಳೆದುಕೊಳ್ಳುವ ಒಂದು ದಾರಿ ಉಂಟು. ಅದು ಹಾಲು.

ಅವಳ ಗ್ರಾಫಿನಲ್ಲಿ ಎರಡು ಗೆರೆಗಳಿದ್ದವು. ಈದ ಆಡಿನ ರಕ್ತದ ಗೆರೆ ವಾರವಾರಕ್ಕೂ ಇಳಿಯುತ್ತಿತ್ತು, ಮರಿಯ ಗೆರೆ ಏರುತ್ತಿತ್ತು. ತಾಯಿ ಅಷ್ಟು ವರ್ಷ ಕೂಡಿಟ್ಟದ್ದೆಲ್ಲ ಚೊಚ್ಚಲ ಮರಿಗೇ ಹೋಗುತ್ತಿತ್ತು, ಆಮೇಲಿನ ಮರಿಗಳಿಗೆ ಅಷ್ಟಿಲ್ಲ. ಬಸುರಿಯಾಗುವ ಮೊದಲು ಆ ಗ್ರಾಫು ಅವಳ ಹೆಮ್ಮೆಯಾಗಿತ್ತು. ಮಗಳು ಹುಟ್ಟಿದ ಮೇಲೆ ಅದನ್ನು ತೆರೆದು ನೋಡಲೂ ಹೆದರುತ್ತಿದ್ದಳು. ಕೊನೆಗೆ ತಡೆಯಲಾರದೆ, ಒಂದು ದಿನ ತನ್ನ ಹಾಲನ್ನೇ ಒಯ್ದು ಆಡುಗಳ ಹಾಲಿನ ನಡುವೆ ವಿಷ ಅಳೆಯುವ ಲ್ಯಾಬಿನ ಮಿಷನ್ನಿಗೆ ಕೊಟ್ಟಳು. ಲ್ಯಾಬಿನ ಬಾಟಲಿ ಮುಟ್ಟಿದರೆ ಯಾರಾದರೂ ಕೇಳುತ್ತಾರೆಂದು ಮನೆಯಲ್ಲಿದ್ದ ಟಾನಿಕ್ಕಿನ ಪುಟ್ಟ ಬಾಟಲಿಯನ್ನು ತೊಳೆದು ಒಯ್ದಿದ್ದಳು. ದ್ರಾವಕ ಹಾಕಿ ಕುಲುಕಿದ್ದೂ ಅದರಲ್ಲೇ.

ಪರದೆಯ ಮೇಲೆ ಗೆರೆ ನೆಟ್ಟಗೆ ಮೇಲೆದ್ದಿತು. ದಿಬ್ಬದ ಯಾವ ಆಡಿಗೂ ಅಷ್ಟು ಬಂದಿರಲಿಲ್ಲ. ಅವಳಿಗೆ ಆಶ್ಚರ್ಯವಾಗಲಿಲ್ಲ, ಅನಾಹುತವಾದದ್ದು ಅಲ್ಲೇ. ಇದು ಹೀಗೇ ಬರುತ್ತದೆಂದು ಅವಳು ಮೊದಲೇ ನಂಬಿಬಿಟ್ಟಿದ್ದಳು.

ಯಾಕೆ ನಂಬಿದ್ದಳೆಂಬುದು ಅಮ್ಮನ ಮುಂದೆ ಬಾಯಿಬಿಟ್ಟಾಗ ಹೊರಬಂತು. ಅವತ್ತು ಆಸ್ಪತ್ರೆಯ ನರ್ಸು ಮಗುವನ್ನು ತಕ್ಕಡಿಯಲ್ಲಿ ಮಲಗಿಸಿ, "ಏನ್ರೀ, ಮಗು ಬೆಳೀಬೇಕೋ ಕರಗಬೇಕೋ?" ಎಂದು ಎಲ್ಲರೆದುರು ಗದರಿದ್ದಳು. ಮನೆಗೆ ಬಂದ ಅಮ್ಮ ಚೀಲವನ್ನು ಕೂಡ ಕೆಳಗಿಡಲಿಲ್ಲ.

"ಈಗ ಹೇಳು. ಯಾಕೆ ಕುಡಿಸ್ತಿಲ್ಲ?"

"ನನ್ನ ಹಾಲಲ್ಲಿ ವಿಷ ಇದೆ ಅಮ್ಮ."

"ಥೂ, ಬಿಡ್ತು ಅನ್ನು! ಯಾವ ಬಾಯಲ್ಲಿ ಬಂತೇ ಈ ಮಾತು?"

"ನಾನೇ ನೋಡಿದೀನಿ. ನೀನು ರೇನ್‌ಕೋಟ್ ಫ್ಯಾಕ್ಟರೀಲಿ ಹೊಲೀತಿದ್ದೆ ಅಲ್ವಾ? ಆ ಬಟ್ಟೆಗೆ ಬಳಿಯೋದು ಇದೇ. ನಿನ್ನ ಮೈಗೆ ಸೇರಿತು, ಹಾಲಲ್ಲಿ ನಂಗೆ ಬಂತು. ನಾನು ಚೊಚ್ಚಲು. ಈಗ ನನ್ನಿಂದ ಅವಳಿಗೆ."

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅಮ್ಮ ಜಗಳಗಂಟಿ, ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. ಈಗ ಕುರ್ಚಿಯ ಮೇಲೆ ಕೂತು ತನ್ನ ಎರಡು ಕೈಗಳನ್ನು ತಿರುವಿ ತಿರುವಿ ನೋಡಿದಳು.

"ಊಟದ ಬಿಡುವಲ್ಲಿ ಓಡಿ ಬಂದು ನಿಂಗೆ ಕುಡಿಸಿ ಹೋಗ್ತಿದ್ದೆ," ಎಂದಳು. "ಕೈ ತೊಳಿಯೋಕೂ ಪುರುಸೊತ್ತಿರ್ಲಿಲ್ಲ ಕಣೇ."

ಅಂದಿನಿಂದ ಅಮ್ಮ ಮೊಮ್ಮಗಳನ್ನು ಮುಟ್ಟುವ ಮೊದಲು ಪ್ರತಿ ಸಲವೂ ಸೋಪು ಹಚ್ಚಿ ಮೊಣಕೈವರೆಗೆ ಉಜ್ಜಿ ತೊಳೆಯತೊಡಗಿದಳು. ಹಾಲು ಕುಡಿಸು ಎಂದು ಮತ್ತೆ ಬಾಯಿಬಿಡಲಿಲ್ಲ. ಬೈಗುಳವೇ ವಾಸಿಯಿತ್ತು. ಮಗು ಹಸಿವು ತಾಳಲಾರದೆ ಒಂದೊಂದು ಗುಟುಕು ಬಾಟಲಿ ಹಾಲು ಕುಡಿಯತೊಡಗಿತು. ಕುಡಿಯುವಾಗ ಅದರ ಕಣ್ಣು ತಾಯಿಯ ಕಡೆಗೇ ಇರುತ್ತಿತ್ತು. ಆ ನೋಟ ಎದುರಿಸಲಾರದೆ ಅವಳು ಗೋಡೆಯತ್ತ ತಿರುಗಿ ನಿಲ್ಲುತ್ತಿದ್ದಳು. ದಿನ ಕಳೆದಂತೆ ಎದೆಯ ನೋವು ಇಳಿಯಿತು, ಹಿಂಡಲು ಬಚ್ಚಲಿಗೆ ಹೋಗುವುದೂ ಕಡಿಮೆಯಾಯಿತು. ಸದ್ಯ, ಒಂದು ಪೀಡೆ ಕಳೆಯಿತು ಎಂದುಕೊಂಡಳು.

ಅಷ್ಟರಲ್ಲಿ ಅವಳ ಗೈಡ್ ಮಿಷನ್ನಿನ ಕಂಪ್ಯೂಟರಿನಲ್ಲಿ ಹೆಸರಿಲ್ಲದ ಒಂದು ರಿಸಲ್ಟು ಕಂಡು ಅವಳನ್ನು ಕೂಗಿದರು. ಕೆಟ್ಟ ಮನುಷ್ಯರಲ್ಲ. ಆಡು ಬಿಟ್ಟರೆ ಅವರಿಗೆ ಬೇರೆ ಪ್ರಪಂಚವಿರಲಿಲ್ಲ, ಅಷ್ಟೇ.

"ಏನಮ್ಮ ಇದು! ಇಂಥದ್ದು ಸಿಕ್ಕಿದ್ರೂ ಬಾಯಿಗೆ ಬೀಗ ಹಾಕ್ಕೊಂಡು ಕೂತಿದೀಯಲ್ಲ? ಯಾವ ಆಡಿನ ಹಾಲು?"

"ಹೊಸದು, ಸಾರ್."

"ಚೊಚ್ಚಲಾ?"

"ಹೂಂ. ಚೊಚ್ಚಲು."

"ಮರಿ ಹೇಗಿದೆ?"

"ಇಳಿದು ಹೋಗಿದೆ ಸಾರ್."

"ಹಾಗಾದ್ರೆ ಮರಿ ರಕ್ತಾನೂ ಬೇಗ ತಗೊಂಡ್ಬಿಡು. ನಿನ್ನ ಥೀಸಿಸ್‌ಗೆ ಇದಕ್ಕಿಂತ ಬೇಕಾ?" ಗೈಡ್ ಖುಷಿಯಿಂದ ಪರದೆಯ ಹತ್ತಿರ ಬಾಗಿದರು. "ಅದಿರಲಿ, ಇದರ ಬ್ಲ್ಯಾಂಕ್ ಎಲ್ಲಿ?"

ಅವಳು ಬ್ಲ್ಯಾಂಕ್ ಮಾಡಿಯೇ ಇರಲಿಲ್ಲ.

ಬ್ಲ್ಯಾಂಕ್ ಎಂದರೆ ದೊಡ್ಡ ವಿದ್ಯೆಯೇನಲ್ಲ. ಹಾಲಿನ ಬದಲು ಬರೀ ಶುದ್ಧ ನೀರನ್ನು ಅದೇ ಬಾಟಲಿಗೆ ಹಾಕಿ, ಅದೇ ದ್ರಾವಕ ಸುರಿದು ಕುಲುಕಿ, ಮಿಷನ್ನಿಗೆ ಕೊಡುವುದು. ನೀರಿನಲ್ಲೂ ವಿಷ ಕಂಡರೆ ತಪ್ಪು ಹಾಲಿನದಲ್ಲ, ಬಾಟಲಿಯದು. ಲ್ಯಾಬಿಗೆ ಬಂದ ಹೊಸಬರಿಗೆ ಮೊದಲ ದಿನ ಇದನ್ನು ಕಲಿಸುತ್ತಿದ್ದವಳು ಅವಳೇ, ಮರೆತವರ ಜನ್ಮ ಜಾಲಾಡುತ್ತಿದ್ದವಳೂ ಅವಳೇ. ಆಡಿನ ಹಾಲಿಗೆ ಒಂದು ದಿನವೂ ತಪ್ಪಿಸಿರಲಿಲ್ಲ. ತನ್ನ ಹಾಲಿಗೆ ಮಾತ್ರ ಅದು ನೆನಪೇ ಆಗಿರಲಿಲ್ಲ.

ಟಾನಿಕ್ಕಿನ ಬಾಟಲಿ ಅವಳ ಡ್ರಾಯರಿನಲ್ಲೇ ಬಿದ್ದಿತ್ತು. ಅದಕ್ಕೆ ನೀರು ತುಂಬಿ, ದ್ರಾವಕ ಹಾಕಿ ಕುಲುಕಿ ಮಿಷನ್ನಿಗೆ ಕೊಟ್ಟಳು. ಗೆರೆ ಅಷ್ಟೇ ಎತ್ತರಕ್ಕೆ ನೆಟ್ಟಗೆ ಎದ್ದಿತು. ಮುಚ್ಚಳವನ್ನು ಬಿಚ್ಚಿ ಬೆಳಕಿಗೆ ಹಿಡಿದಳು. ಒಳಗೆ ಬೆಳ್ಳಗೆ, ನುಣ್ಣಗೆ, ಏನೂ ಅಂಟದಂಥ ಒಂದು ಬಿಲ್ಲೆ. ಬಾಣಲೆಗೆ ಬಳಿಯುವುದೇ ಅದಕ್ಕೂ ಬಳಿದಿತ್ತು.

ಹಾಲಿನ ಸಂಗತಿ ಇನ್ನೂ ತಿಳಿಯಬೇಕಿತ್ತು. ಈ ಸಲ ಲ್ಯಾಬಿನ ಶುದ್ಧ ಬಾಟಲಿ ಹಿಡಿದು ಹೆಂಗಸರ ಶೌಚಾಲಯಕ್ಕೆ ಹೋದಳು. ಎಷ್ಟು ಹಿಂಡಿದರೂ ಬರಲೊಲ್ಲದು. ಹಲ್ಲು ಕಚ್ಚಿ, ಕಣ್ಣಲ್ಲಿ ನೀರು ತುಂಬುವ ತನಕ ಒತ್ತಿ ಒತ್ತಿ, ಬಾಟಲಿಯ ತಳ ಮುಚ್ಚುವಷ್ಟು ಹನಿ ಕೂಡಿಸಿದಳು. ಮಿಷನ್ನಿಗೆ ಅಷ್ಟು ಸಾಕಾಯಿತು. ಬ್ಲ್ಯಾಂಕ್ ಮೊದಲು, ಹಾಲು ಆಮೇಲೆ. ಗೆರೆ ನೆಲ ಬಿಟ್ಟು ಏಳಲಿಲ್ಲ. ಈ ಕಾಲದಲ್ಲಿ ಯಾವ ತಾಯಿಯ ಹಾಲಿನಲ್ಲೂ ಇರುವ ಲವಲೇಶ ಮಾತ್ರ ಇತ್ತು.

ಅವಳು ಚಪ್ಪಲಿ ಕಿತ್ತುಹೋದರೂ ನಿಲ್ಲದೆ ಬಸ್ ಸ್ಟಾಪಿಗೆ ಓಡಿದಳು. ಮನೆಯ ಬಾಗಿಲಲ್ಲೇ ಕಿರುಚಿದಳು.

"ಅಮ್ಮ! ಏನೂ ಇಲ್ಲಮ್ಮ ನನ್ನ ಹಾಲಲ್ಲಿ! ಮುಚ್ಚಳದ್ದು ಅದು, ಹಾಳು ಮುಚ್ಚಳದ್ದು! ಕೊಡು ಅವಳನ್ನ, ಕೊಡು!"

ಅಮ್ಮನಿಗೆ ತಲೆಬುಡ ಅರ್ಥವಾಗದಿದ್ದರೂ ಮಗುವನ್ನು ಅವಳ ತೋಳಿಗೆ ಹಾಕಿದಳು. ಮಗು ಮರೆತಿರಲಿಲ್ಲ. ವಾಸನೆ ಹಿಡಿದು, ಎರಡು ಮುಷ್ಟಿಯಲ್ಲೂ ಅವಳ ರವಿಕೆ ಹಿಡಿದು ಎದೆಗೆ ಬಾಯಿ ಹಾಕಿತು. ಕೆನ್ನೆ ಗುಳಿ ಬೀಳುವಂತೆ ಎಳೆಯಿತು. ನಿಲ್ಲಿಸಿ ತಾಯಿಯ ಮುಖ ನೋಡಿತು. ಮತ್ತೆ ಎಳೆಯಿತು. ಆಮೇಲೆ ಬಾಯಿ ಬಿಟ್ಟು ಚೀರಿತು. ಅವಳು ಇನ್ನೊಂದು ಕಡೆಗೆ ಹಾಕಿದಳು. ಅಲ್ಲೂ ಹಾಗೇ.

ಲ್ಯಾಬಿನಲ್ಲಿ ಹಿಂಡಿದ್ದು ಏನೆಂದು ಅವಳಿಗೆ ಆಗ ತಿಳಿಯಿತು. ಉಳಿದಿದ್ದ ಕೊನೆಯ ಹಾಲನ್ನು ಮಗುವಿಗಲ್ಲ, ಮಿಷನ್ನಿಗೆ ಕುಡಿಸಿ ಬಂದಿದ್ದಳು.

ಅಮ್ಮ ಬೈಯಲಿಲ್ಲ. ಮೊಣಕೈವರೆಗೆ ಕೈ ತೊಳೆದು ಬಾಟಲಿ ತಂದಳು, ಮಗುವನ್ನು ಎತ್ತಿಕೊಂಡು ಪಕ್ಕದಲ್ಲಿ ಕೂತಳು.

"ನಾಳೆ ಮತ್ತೆ ಹಾಕೋಣ. ಎಳೀತಾ ಎಳೀತಾ ಬರುತ್ತಂತೆ, ಕೆಲವರಿಗೆ." ಮಗಳ ಮುಖ ನೋಡದೆಯೇ ಕೇಳಿದಳು: "ಹಾಗಾದ್ರೆ ನಾನು ನಿಂಗೆ... ಅಂಥದ್ದೇನೂ ಕೊಟ್ಟಿರ್ಲಿಲ್ಲ ಅಲ್ವೇನೇ?"

ಬಾಟಲಿ ಹಿಡಿದ ಅಮ್ಮನ ಕೈಯನ್ನು ಅವಳು ಅಂದೇ ಸರಿಯಾಗಿ ನೋಡಿದ್ದು. ಸೋಪಿಗೆ ಚರ್ಮವೆಲ್ಲ ಒಡೆದು ಕೆಂಪಗಾಗಿತ್ತು.

"ನೀನು ಹಾಲು ಕೊಟ್ಟಿದ್ದೆ ಅಮ್ಮ," ಎಂದಳು. "ಬರೀ ಹಾಲು."

ಅಮ್ಮನ ಭುಜಕ್ಕೆ ಹಣೆ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು. ಮಗು ಬಾಟಲಿಯನ್ನು ಪೂರ್ತಿ ಮುಗಿಸಿ, ಅಜ್ಜಿಯ ತೋಳಲ್ಲೇ ನಿದ್ದೆ ಹೋಯಿತು.