ಗಿರಣಿಯ ಮೇಲಂತಸ್ತು

ಹಳೆಯ ನೂಲಿನ ಗಿರಣಿಯನ್ನು ಕೆಡವಿ ಕಡಿಮೆ ಬಾಡಿಗೆಯ ನೂರಿಪ್ಪತ್ತು ಮನೆ ಕಟ್ಟಲು ನಗರಸಭೆ ಒಪ್ಪಿಗೆ ಕೊಟ್ಟಿದ್ದು ಒಂದೇ ಒಂದು ವರದಿಯ ಮೇಲೆ. ಅದನ್ನು ಬರೆದವಳು ಯೋಜನಾ ಕಚೇರಿಯ ಪರಿಶೀಲಕಿ. 'ಉಳಿಸಿಕೊಳ್ಳುವಂಥದ್ದು ಒಳಗೇನೂ ಇಲ್ಲ' ಎಂದು ಅವಳು ಬರೆದಿದ್ದಳು.

ಆ ಮನೆಗಳಿಗಾಗಿ ಕಾದವರಲ್ಲಿ ಕಚೇರಿಯ ಕಸ ಗುಡಿಸುವ ಹೆಂಗಸೂ ಒಬ್ಬಳು. ಎಲ್ಲರಿಗೂ ಅವಳು ಅಕ್ಕ. ಗಂಡ, ಅತ್ತೆ, ಇಬ್ಬರು ಹೆಣ್ಣುಮಕ್ಕಳೊಡನೆ ಒಂದೇ ಕೋಣೆಯಲ್ಲಿ ಹನ್ನೊಂದು ವರ್ಷ ಕಳೆದಿದ್ದಳು. ಪಟ್ಟಿಯಲ್ಲಿ ಅವಳ ಸಂಖ್ಯೆ ನೂರಾನಾಲ್ಕು.

"ನಮ್ಮನೇಲಿ ಒಬ್ರು ಮಗ್ಗಲು ಬದಲಾಯಿಸಿದ್ರೆ ಎಲ್ರೂ ಬದಲಾಯಿಸ್ಬೇಕು ಮೇಡಂ" ಎಂದು ಪರಿಶೀಲಕಿಗೆ ಹೇಳಿ ನಗುತ್ತಿದ್ದಳು.

ಅಷ್ಟರಲ್ಲಿ ಹಳೆಯ ಕಟ್ಟಡಗಳನ್ನು ಕಾಪಾಡುವ ಸಂಘದವರು ನ್ಯಾಯಾಲಯಕ್ಕೆ ಹೋದರು. ಮೇಲಂತಸ್ತನ್ನು ಯಾರೂ ನೋಡಿಯೇ ಇಲ್ಲ ಎಂಬುದು ಅವರ ದೂರು. ಅದು ನಿಜವೇ. ಪರಿಶೀಲನೆಯ ದಿನ ಮೆಟ್ಟಿಲು ಅಲುಗಾಡಿತ್ತು. ಪರಿಶೀಲಕಿ ಕೆಳಗಿನಿಂದಲೇ ಕತ್ತೆತ್ತಿ ನೋಡಿ, ಮೇಲೂ ಇಷ್ಟೇ ಇರಬೇಕೆಂದುಕೊಂಡು ಹಿಂದಿರುಗಿದ್ದಳು.

"ಕೇಳಿದಷ್ಟಕ್ಕೆ ಮಾತ್ರ ಉತ್ತರ ಕೊಡಿ. ನೂರಿಪ್ಪತ್ತು ಸಂಸಾರ ನಿಮ್ಮ ಬಾಯಿ ನೋಡ್ತಿವೆ" ಎಂದರು ನಗರಸಭೆಯ ವಕೀಲರು.

ಆದರೆ ನ್ಯಾಯಾಧೀಶರು ಕೇಳಿದ್ದೇ ಅದನ್ನು. "ನೀವು ಮೇಲೆ ಹತ್ತಿದ್ರಾ?"

ಅರ್ಧ ದಿನ ರಜೆ ಹಾಕಿ ಬಂದಿದ್ದ ಅಕ್ಕ ಹಿಂದಿನ ಬೆಂಚಿನಲ್ಲಿ ಕುಳಿತಿದ್ದಳು. ಪರಿಶೀಲಕಿ ಒಮ್ಮೆ ಅತ್ತ ನೋಡಿ ನ್ಯಾಯಾಧೀಶರತ್ತ ತಿರುಗಿದಳು.

"ಇಲ್ಲ. ಹತ್ತಲಿಲ್ಲ."

ಒಪ್ಪಿಗೆ ರದ್ದಾಯಿತು. ಕಟ್ಟಡ ಉಳಿಸಲೇಬೇಕೆಂದು ನ್ಯಾಯಾಲಯ ಹೇಳಲಿಲ್ಲ. ಪೂರ್ತಿ ನೋಡಿ ಮತ್ತೆ ತೀರ್ಮಾನಿಸಿ ಎಂದಿತು. ಮರುದಿನದಿಂದ ಅಕ್ಕ ಪರಿಶೀಲಕಿಯ ಮೇಜು ಒರೆಸುತ್ತಿದ್ದಳು, ಮಾತಾಡುತ್ತಿರಲಿಲ್ಲ.

ಈ ಸಲ ಪರಿಶೀಲಕಿ ಏಣಿ ತರಿಸಿ ಹತ್ತಿದಳು. ನಡುವೆ ಒಂದು ಕಂಬವೂ ಇಲ್ಲದ ಉದ್ದನೆಯ ಹಜಾರ, ಕಬ್ಬಿಣದ ತೊಲೆಗಳು, ಸೂರಿನ ಓರೆ ಗಾಜಿನಿಂದ ಇಳಿಯುತ್ತಿದ್ದ ತಿಳಿಬೆಳಕು. ಏನೂ ಇರದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಒಂದು ಗಳಿಗೆ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ಗಿರಣಿ ಉಳಿಸಿ ಅದರೊಳಗೇ ಮನೆ ಮಾಡಬಹುದೆಂದು ಬರೆದಳು. ಸಂಘದವರೂ ಒಪ್ಪಿದರು. ಆದರೆ ಮನೆಗಳು ತೊಂಬತ್ತಾರಕ್ಕೆ ಇಳಿದವು; ನೂರಾನಾಲ್ಕನೆಯ ಸಂಖ್ಯೆ ಹೊರಗುಳಿಯಿತು.

ಸುದ್ದಿಯನ್ನು ತಾನೇ ಹೇಳಲು ಅಕ್ಕನ ಕೋಣೆಗೆ ಹೋದಳು. ಅವಳು ಕೂರಲೆಂದು ಅತ್ತೆ ಕಾಲು ಮಡಚಿಕೊಂಡರು.

"ಕೋರ್ಟಲ್ಲಿ ಹತ್ತಿದ್ದೆ ಅಂದಿದ್ರೆ ನಮಗೆ ಸಿಗ್ತಿತ್ತಾ?" ಅಕ್ಕ ಕೇಳಿದಳು.

"ಸಿಗ್ತಿತ್ತೇನೋ. ಆದ್ರೆ ನನ್ನ ತಪ್ಪು ಅದಕ್ಕೂ ಮುಂಚಿನದು ಅಕ್ಕ. ಅವತ್ತೇ ಏಣಿ ತರಿಸ್ಬೇಕಿತ್ತು."

"ನೀವು ಸುಳ್ಳು ಹೇಳ್ಲಿ ಅಂತ ಮನಸ್ಸಲ್ಲೇ ಬೇಡ್ಕೊಂಡಿದ್ದೆ. ಈಗ್ಲೂ ಹಾಗೇ ಅನ್ಸತ್ತೆ, ಮುಚ್ಚಿಡಲ್ಲ."

ಪರಿಶೀಲಕಿ ತಲೆಯಾಡಿಸಿದಳು.

ಗಿರಣಿಯ ಹಿಂದಿನ ಖಾಲಿ ಜಾಗದಲ್ಲಿ ಉಳಿದವರಿಗೂ ಮನೆ ಕಟ್ಟಬಹುದೆಂದು ಅವಳು ನಕ್ಷೆ ಹಿಡಿದು ಮೇಲಧಿಕಾರಿಗಳ ಬೆನ್ನು ಬಿದ್ದಳು. ಒಪ್ಪಿಗೆ ಸಿಕ್ಕಿ ಮನೆ ಎದ್ದು ನಿಲ್ಲಲು ಇನ್ನೂ ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಅತ್ತೆ ತೀರಿಕೊಂಡಿದ್ದರು.

ಮನೆ ಬದಲಾಯಿಸುವ ದಿನ ಅಕ್ಕ ಅವಳನ್ನೂ ಕರೆದಿದ್ದಳು. ಅಕ್ಕ ಹೊಸ ಮನೆಯ ಎರಡೂ ಕೋಣೆಗಳನ್ನು ಸುತ್ತಿ ಬಂದು ಕಿಟಕಿಯ ಬಳಿ ನಿಂತಳು.

"ಅತ್ತೆ ಇದ್ದಿದ್ರೆ ಅವರ ಹಾಸಿಗೆ ಇಲ್ಲೇ ಹಾಕ್ತಿದ್ದೆ."

ಪರಿಶೀಲಕಿ ಬಾಗಿಲಲ್ಲಿದ್ದ ಟ್ರಂಕಿನ ಒಂದು ತುದಿ ಹಿಡಿದಳು. ಅಕ್ಕ ಬಂದು ಇನ್ನೊಂದು ತುದಿ ಹಿಡಿದಳು.